ಮುಖಪುಟಕ್ಕೊಂದು ಮುಖ

(ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತುಗಳ ಬರಹರೂಪ)



ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ದಾದರ್ ಆಗಲಿ, ಪುಣೆ ಆಗಲಿ, ಚೆನ್ನೈ ಸೆಂಟ್ರಲ್ ಆಗಲಿ. ಪತ್ರಿಕೆಗಳನ್ನು ಒಂದರ ಮೇಲೊಂದು ಅರ್ಧರ್ಧ ಮುಚ್ಚಿ ಜೋಡಿಸಿರುತ್ತಾರೆ. ಕೆಲವನ್ನು ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟಿರುತ್ತಾರೆ. ಈಗ ಆ ಜಾಗವನ್ನು ನೀರಿನ ಬಾಟಲಿ, ಚಿಪ್ಸ್ ಪೊಟ್ಟಣಗಳು ಬಹಳ ಮಟ್ಟಿಗೆ ಆಕ್ರಮಿಸಿಕೊಂಡಿವೆ, ಅದಿರಲಿ. ಒಂದು ಪತ್ರಿಕೆಯ ಮುಖಪುಟ ಹೇಗಿರಬೇಕು ಎಂಬ ನಿಯಮಗಳೆಲ್ಲ ಇಂಥ ಅಂಗಡಿಗಳ ಎದುರಿನಲ್ಲೇ ಹುಟ್ಟಿದವು. ಪತ್ರಿಕೆಯ ಹೆಸರು ಮೇಲ್ತುದಿಯಲ್ಲೇ ಯಾಕೆ? ಕೆಳಗಿನ ಭಾಗ ಇನ್ನೊಂದು ಪತ್ರಿಕೆಯ ಹಿಂದೆ ಮುಚ್ಚಿಹೋಗುತ್ತದೆ, ಅದಕ್ಕೆ. ಮುಖ್ಯ ಸಾಲುಗಳು ಎಡಗಡೆ ಯಾಕೆ? ಇಸ್ಪೀಟೆಲೆಯಂತೆ ಅಡ್ಡಡ್ಡಲಾಗಿ ಜೋಡಿಸಿದಾಗ ಕಾಣುವುದು ಎಡಗಡೆಯ ಅಂಚು ಮಾತ್ರ. ಮುಖಪುಟದ ಹುಡುಗಿ ನಮ್ಮನ್ನೇ ನೋಡುತ್ತಿರುತ್ತಾಳಲ್ಲ, ಅದು ಯಾಕೆ? ಲೋಕಲ್ ಹಿಡಿಯಲು ಓಡುತ್ತಿರುವವರನ್ನು ಎರಡು ಕ್ಷಣ ನಿಲ್ಲಿಸಲು ಕಣ್ಣಿನಷ್ಟು ಶಕ್ತಿ ಬೇರೆ ಯಾವುದಕ್ಕೂ ಇಲ್ಲ.

ಇವತ್ತಿನ ಮಾತು ಇದೇ ಮುಖಪುಟದ ಬಗ್ಗೆ. ಮುಖ ತೋರಿಸದೆ ಬದುಕುವ ರೇಡಿಯೋದವರಿಗೆ ಮುಖಪುಟದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣ ಒಂದು ಪತ್ರ. ಡೊಂಬಿವಲಿಯ ಕೇಳುಗರೊಬ್ಬರು ಬರೆದಿದ್ದಾರೆ. ಅವರ ಮಗಳು ಅಪ್ಲೈಡ್ ಆರ್ಟ್ ಓದುತ್ತಿದ್ದಾಳೆ, ಎರಡನೇ ವರ್ಷ. ಹದಿಹರೆಯದ ಹುಡುಗಿಯರ ಫ್ಯಾಷನ್ ಪತ್ರಿಕೆಗೆ ಒಂದು ಮುಖಪುಟ ಮಾಡಿಕೊಂಡು ಬನ್ನಿ ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ಈ ಹುಡುಗಿ ಅದನ್ನು ಕನ್ನಡದಲ್ಲೇ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಭಲೇ! ಗುಳೇದಗುಡ್ಡಕ್ಕೆ ಹೋದಾಗ ಚಿಕ್ಕಮ್ಮನ ಮಗಳಿಗೆ ಖಣದ ಬಟ್ಟೆಯ ಕುರ್ತಾ ಹಾಕಿಸಿ, ಮಲ್ಲಿಗೆ ಮುಡಿಸಿ ತೆಗೆದ ಫೋಟೋ ಇದೆಯಂತೆ. ಅದನ್ನೇ ಮುಖಪುಟಕ್ಕೆ ಹಾಕಿದ್ದಾಳೆ. ಇಲ್ಲಿಯವರೆಗೆ ಎಲ್ಲ ಸರಿ. ಆ ತಂಗಿ ಎಣ್ಣೆಗಪ್ಪು ಬಣ್ಣದವಳು. ಕಂಪ್ಯೂಟರಿನಲ್ಲಿ ಅವಳ ಮುಖವನ್ನು ನಾಲ್ಕು ಪಟ್ಟು ಬೆಳ್ಳಗೆ ಮಾಡಿ, ಗಲ್ಲವನ್ನೂ ತುಸು ಸಣ್ಣ ಮಾಡಿದ್ದಾಳೆ. ಕೇಳಿದರೆ, ಪ್ರಿಂಟಿನಲ್ಲಿ ಕಪ್ಪು ಬಂದುಬಿಡುತ್ತದೆ, ಎಲ್ಲ ಪತ್ರಿಕೆಯವರೂ ಹೀಗೇ ಮಾಡುವುದು ಎನ್ನುತ್ತಾಳಂತೆ. ಊರಿನ ಹುಡುಗಿ ಇದನ್ನು ನೋಡಿದರೆ ಏನೆಂದುಕೊಂಡಾಳು ಎಂದು ತಾಯಿಗೆ ಸಂಕಟ. ಒಂದು ಮಾತು ಹೇಳಿ ಎಂದಿದ್ದಾರೆ.

ಅಕ್ಕಾ, ಒಂದು ಮಾತಿನಲ್ಲಿ ಮುಗಿಯುವುದಿಲ್ಲ ಇದು. ನಾನು ಓದಿದ್ದು ಕನ್ನಡ ಬಿ.ಎ. ಚಿತ್ರದ ವಿದ್ಯೆ ನನ್ನದಲ್ಲ. ನಮ್ಮ ಈ ಸುದ್ದಿಪತ್ರದ ಪುಟ ಕಟ್ಟುವ ಗೆಳೆಯರ ಪಕ್ಕ ಕೂತು ಎರಡು ಸಂಜೆ ಕೇಳಿ ತಿಳಿದುಕೊಂಡೆ, ಒಂದಷ್ಟು ಓದಿಕೊಂಡೆ.

ಮೊದಲು, ಎಲ್ಲರೂ ಹೀಗೇ ಮಾಡುತ್ತಾರೆ ಎಂಬ ಮಾತು. ಹದಿಹರೆಯದ ಹುಡುಗಿಯರಿಗೆಂದೇ ಒಂದು ಪತ್ರಿಕೆ ಎಂಬ ಕಲ್ಪನೆಯನ್ನು ಗಟ್ಟಿಯಾಗಿ ನೆಲೆಯೂರಿಸಿದ್ದು ಅಮೆರಿಕದ ಸೆವೆಂಟೀನ್. 1944ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಸಂಚಿಕೆ ಬಂತು. ಹೆಲೆನ್ ವ್ಯಾಲೆಂಟೈನ್ ಎಂಬಾಕೆ ಸಂಪಾದಕಿ. ಆ ವಯಸ್ಸಿನ ಹುಡುಗಿಯರನ್ನು ಜಾಹೀರಾತಿನವರು ಆಗ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅವರನ್ನು ಒಪ್ಪಿಸಲು ಪತ್ರಿಕೆಯವರು ‘ಟೀನಾ’ ಎಂಬ ಒಬ್ಬ ಕಾಲ್ಪನಿಕ ಹುಡುಗಿಯನ್ನೇ ಸೃಷ್ಟಿಸಿದರು. ಟೀನಾ ಏನು ಉಡುತ್ತಾಳೆ, ಏನು ಕೊಳ್ಳುತ್ತಾಳೆ, ಕೈಯಲ್ಲಿ ಎಷ್ಟು ದುಡ್ಡಿರುತ್ತದೆ ಎಂದು ಸಮೀಕ್ಷೆ ಮಾಡಿ ಕಂಪನಿಗಳ ಮುಂದಿಟ್ಟರು. ಅಂದರೆ ಈ ಬಗೆಯ ಪತ್ರಿಕೆ ಹುಟ್ಟುವಾಗಲೇ ಇಬ್ಬರು ಹುಡುಗಿಯರಿದ್ದರು ನೋಡಿ. ಒಬ್ಬಳು ದುಡ್ಡು ಕೊಟ್ಟು ಓದುವವಳು, ಇನ್ನೊಬ್ಬಳು ಜಾಹೀರಾತಿನವರಿಗೆ ತೋರಿಸಲು ಮಾಡಿದವಳು. ಮುಖಪುಟದ ಮೇಲೆ ಯಾರು ಬರಬೇಕು ಎಂಬ ಜಗಳ ಆವತ್ತಿನಿಂದಲೂ ಇದೆ.

ಆದರೆ ಅದೇ ಪತ್ರಿಕೆಯಲ್ಲಿ 1947ರಿಂದ ಕಲಾನಿರ್ದೇಶಕಿಯಾಗಿದ್ದವಳು ಸೀಪಿ ಪಿನೆಲೆಸ್. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವಳು. ಪತ್ರಿಕೆಗಳ ಕಲಾವಿಭಾಗ ಪೂರ್ತಿ ಗಂಡಸರ ಕೈಯಲ್ಲಿದ್ದ ಕಾಲ ಅದು. ನ್ಯೂಯಾರ್ಕಿನ ಆರ್ಟ್ ಡೈರೆಕ್ಟರ್ಸ್ ಕ್ಲಬ್ಬಿಗೆ ಸದಸ್ಯೆಯಾದ ಮೊದಲ ಹೆಂಗಸು ಈಕೆಯೇ. ಈಕೆ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಹದಿನೇಳರ ಹುಡುಗಿಯರಿಗೆ ತಾನೇ, ಏನೋ ಒಂದು ಚಿತ್ರ ಹಾಕಿದರಾಯಿತು ಎನ್ನಲಿಲ್ಲ. ಬೆನ್ ಶಾನ್, ಜೇಕಬ್ ಲಾರೆನ್ಸ್‌ರಂಥ ದೊಡ್ಡ ಚಿತ್ರಕಾರರಿಂದ ಕಥೆಗಳಿಗೆ ಚಿತ್ರ ಬರೆಸಿದಳು. ಓದುಗಳು ಚಿಕ್ಕವಳಾದರೂ ದಡ್ಡಿಯಲ್ಲ ಎಂಬ ಗೌರವ ಆ ಪುಟಗಳಲ್ಲಿತ್ತು. ಸಿಲ್ವಿಯಾ ಪ್ಲಾತ್ ಕವಯಿತ್ರಿಯಾಗಿ ಹೆಸರು ಮಾಡುವ ಮೊದಲು, 1950ರಲ್ಲಿ, ಆಕೆಯ ಕಥೆಯೊಂದು ಬಂದದ್ದೂ ಇದೇ ಸೆವೆಂಟೀನ್‌ನಲ್ಲಿ.

ಕರಿಯ ಹುಡುಗಿಯರು ಈ ಮುಖಪುಟಗಳ ಮೇಲೆ ಕಾಣಿಸಿಕೊಳ್ಳಲು ಮಾತ್ರ ಬಹಳ ಕಾಯಬೇಕಾಯಿತು. 1981ರ ನವೆಂಬರ್ ಸಂಚಿಕೆಯಲ್ಲಿ ಹಾಗೆ ಬಂದವಳು ಒಬ್ಬ ಹದಿನೆಂಟರ ಹುಡುಗಿ. ಹಾಡುಗಾರ್ತಿಯಾಗಿ ಲೋಕಕ್ಕೆ ಗೊತ್ತಾದದ್ದು ಆಮೇಲೆ. ಹೆಸರು ವಿಟ್ನಿ ಹ್ಯೂಸ್ಟನ್.

ಇನ್ನು ತಿದ್ದುವ ವಿಚಾರ. ಫೋಟೋ ತಿದ್ದುವುದು ಫೋಟೋದಷ್ಟೇ ಹಳೆಯದು. ನಮ್ಮ ಊರಿನ ಸ್ಟುಡಿಯೋಗಳಲ್ಲೂ ನೆಗೆಟಿವ್ ಮೇಲೆ ಸೀಸದ ಕಡ್ಡಿ ಆಡಿಸಿ ಮದುವೆ ಹೆಣ್ಣಿನ ಫೋಟೋ ‘ಟಚಪ್’ ಮಾಡುತ್ತಿದ್ದರು. ವರನ ಕಡೆಯವರು ಹುಡುಗಿಯನ್ನು ಕಣ್ಣಾರೆ ಕಂಡಾಗ ಆಗುತ್ತಿದ್ದ ಫಜೀತಿ ಬೇರೆ ಕಥೆ. ಕಂಪ್ಯೂಟರ್ ಬಂದ ಮೇಲೆ ಕೈ ಮಾತ್ರ ಹಗುರವಾಯಿತು, ಆಸೆ ಮಿತಿ ಮೀರಿತು. 2003ರಲ್ಲಿ ಬ್ರಿಟನ್ನಿನ ಜಿಕ್ಯೂ ಪತ್ರಿಕೆಯ ಮುಖಪುಟದಲ್ಲಿ ತನ್ನನ್ನು ತೆಳ್ಳಗೆ ಮಾಡಲಾಗಿದೆ, ತಾನು ಹಾಗಿಲ್ಲ ಎಂದು ನಟಿ ಕೇಟ್ ವಿನ್ಸ್‌ಲೆಟ್ ಬಹಿರಂಗವಾಗಿಯೇ ಹೇಳಿದಳು. ನಮ್ಮಲ್ಲೂ 2010ರ ಕೊನೆಗೆ, ಎಲ್ ಪತ್ರಿಕೆಯ ಭಾರತೀಯ ಆವೃತ್ತಿಯ ಮುಖಪುಟದಲ್ಲಿ ಐಶ್ವರ್ಯಾ ರೈ ಅವರ ಮೈಬಣ್ಣವನ್ನು ಬೆಳ್ಳಗೆ ಮಾಡಲಾಗಿದೆ ಎಂದು ಆಕ್ಷೇಪ ಎದ್ದಿತ್ತು. ಮಂಗಳೂರಿನಲ್ಲಿ ಹುಟ್ಟಿದ, ವಿಶ್ವಸುಂದರಿಯಾಗಿದ್ದ ಆಕೆಯ ಬಣ್ಣದ ಬಗ್ಗೆಯೇ ಇಂಥ ಚರ್ಚೆ ಎಂದರೆ ಉಳಿದವರ ಪಾಡು ನೀವೇ ಊಹಿಸಿ.

ಇದಕ್ಕೆ ಎದುರು ನಿಂತು ಕೇಳಿದವಳು ಯಾರು ಗೊತ್ತೇ? ದೊಡ್ಡ ಹೋರಾಟಗಾರ್ತಿ ಅಲ್ಲ, ಹದಿನಾಲ್ಕರ ಒಬ್ಬ ಹುಡುಗಿ. ಅಮೆರಿಕದ ಮೇನ್ ರಾಜ್ಯದ ಜೂಲಿಯಾ ಬ್ಲೂಮ್. 2012ರಲ್ಲಿ ಅವಳು ಸೆವೆಂಟೀನ್ ಪತ್ರಿಕೆಗೆ ಒಂದು ಮನವಿ ಬರೆದಳು. ಕೇಳಿದ್ದು ಬಹಳ ಸಣ್ಣದು: ತಿಂಗಳಿಗೆ ಒಂದೇ ಒಂದು ಚಿತ್ರಮಾಲೆಯನ್ನಾದರೂ ತಿದ್ದದೆ ಹಾಕಿ. ಜೊತೆಯವರೊಂದಿಗೆ ನ್ಯೂಯಾರ್ಕಿಗೆ ಹೋಗಿ ಪತ್ರಿಕೆಯ ಕಚೇರಿಯ ಮುಂದೆ ನಿಂತಳು. ಆ ಮನವಿಗೆ 80 ಸಾವಿರಕ್ಕೂ ಹೆಚ್ಚು ಸಹಿ ಬಿದ್ದವು. ಪತ್ರಿಕೆ ಮೊದಲು ನಮ್ಮದರಲ್ಲಿ ಅಂಥದ್ದೇನೂ ಇಲ್ಲ ಎನ್ನುವ ಧಾಟಿಯಲ್ಲೇ ಇತ್ತು. ಕೊನೆಗೆ ಆ ವರ್ಷದ ಆಗಸ್ಟ್ ಸಂಚಿಕೆಯಲ್ಲಿ, ಹುಡುಗಿಯರ ಮೈಯ ಆಕಾರವನ್ನಾಗಲಿ ಮುಖದ ಆಕಾರವನ್ನಾಗಲಿ ಎಂದೂ ಬದಲಿಸುವುದಿಲ್ಲ ಎಂದು ಅಚ್ಚು ಹಾಕಿಯೇ ಮಾತು ಕೊಟ್ಟಿತು.

ಕಾನೂನೂ ಬಂದಿದೆ ಕೆಲವು ಕಡೆ. ಮಾಡೆಲ್‌ಗಳ ಮೈಯನ್ನು ತಿದ್ದಿದ ಜಾಹೀರಾತಿನ ಚಿತ್ರಕ್ಕೆ ‘ತಿದ್ದಿದ್ದು’ ಎಂದು ಬರೆಯಲೇಬೇಕೆಂದು ಫ್ರಾನ್ಸಿನಲ್ಲಿ 2017ರಿಂದ ನಿಯಮ, ನಾರ್ವೆಯಲ್ಲಿ 2022ರಿಂದ. ಆದರೆ ಇವೆಲ್ಲ ಜಾಹೀರಾತಿಗೆ. ಮುಖಪುಟ ಮಾಡುವವರಿಗೆ ಅವರವರ ಮನಸ್ಸೇ ಕಾನೂನು.

ಹಾಗಾದರೆ ಏನೂ ತಿದ್ದಲೇಬಾರದೇ? ನಾನು ಅಷ್ಟು ಮಡಿವಂತಿಕೆಯ ಪೈಕಿ ಅಲ್ಲ. ಮೊಡವೆ ಇದೆ, ತೆಗೆಯಲಿ. ಗಾಳಿಗೆ ಹಾರಿದ ಒಂದೆಳೆ ಕೂದಲು, ಕುರ್ತಾದ ಮೇಲೆ ಬಿದ್ದ ಅರಿಶಿನದ ಕಲೆ, ತೆಗೆಯಲಿ. ಮೊಡವೆ ಮುಂದಿನ ವಾರ ತಾನಾಗಿಯೇ ಹೋಗುತ್ತದೆ, ನಾವು ಒಂದು ವಾರ ಮುಂಚೆ ಕಳಿಸಿದೆವು, ಅಷ್ಟೇ. ಗಲ್ಲ ಮುಂದಿನ ವಾರ ಸಣ್ಣಗಾಗುವುದಿಲ್ಲ. ಮೈಬಣ್ಣವೂ ಹೋಗುವುದಿಲ್ಲ. ಒಂದು ವಾರದಲ್ಲಿ ತಾನಾಗಿ ಬದಲಾಗದ್ದನ್ನು ಮೌಸ್ ಹಿಡಿದು ಬದಲಾಯಿಸುವುದು ಬೇಡ. ಇದು ನನ್ನ ಲೆಕ್ಕ, ಯಾವ ಪುಸ್ತಕದ್ದೂ ಅಲ್ಲ.

ಈಗ ನಿನ್ನ ಜೊತೆ ಮಾತು, ತಂಗೀ. ಅಮ್ಮನ ಪಕ್ಕ ಕೂತು ಕೇಳುತ್ತಿದ್ದೀಯ ಎಂದುಕೊಂಡಿದ್ದೇನೆ. ಪ್ರಿಂಟಿನಲ್ಲಿ ಕಪ್ಪು ಬರುತ್ತದೆ ಎಂದು ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದರಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಬಿಡಿಸಿ ನೋಡೋಣ.

ಒಂದು, ಫೋಟೋ ತೆಗೆಯುವಾಗಿನದು. ಕ್ಯಾಮೆರಾಕ್ಕೆ ಮನುಷ್ಯರು ಗೊತ್ತಿಲ್ಲ, ಬೆಳಕು ಮಾತ್ರ ಗೊತ್ತು. ತನ್ನ ಪಾಡಿಗೆ ಬಿಟ್ಟರೆ ಅದು ಕಣ್ಣೆದುರಿನ ಎಲ್ಲದರ ಸರಾಸರಿ ತೆಗೆದು ಒಂದು ನಡುಮಧ್ಯದ ಬೂದು ಬಣ್ಣಕ್ಕೆ ಹೊಂದಿಸಲು ನೋಡುತ್ತದೆ. ಸುಣ್ಣ ಹೊಡೆದ ಗೋಡೆಯ ಮುಂದೆ, ನಡುಮಧ್ಯಾಹ್ನ, ಕಪ್ಪು ಬಣ್ಣದ ಹುಡುಗಿಯನ್ನು ನಿಲ್ಲಿಸಿದರೆ ಏನಾಗುತ್ತದೆ? ಗೋಡೆಯ ಬಿಳಿಪು ಕಂಡು, ಅಬ್ಬಾ ಇಲ್ಲಿ ಬೆಳಕು ಜಾಸ್ತಿಯಾಯಿತು ಎಂದು ಇಡೀ ಚಿತ್ರವನ್ನೇ ಮಂಕು ಮಾಡುತ್ತದೆ. ಗೋಡೆ ಬೂದಿಯಾಗುತ್ತದೆ, ಮುಖ ಕತ್ತಲಾಗುತ್ತದೆ. ಅಲ್ಲಿ ಕಪ್ಪಾದದ್ದು ಹುಡುಗಿಯಲ್ಲ, ಫೋಟೋ.

ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಫಿಲ್ಮ್ ರೋಲಿನ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು, ‘ಶರ್ಲಿ ಕಾರ್ಡ್’ ಎಂದು ಕರೆಯುತ್ತಿದ್ದರು. ಅದರಲ್ಲಿದ್ದವಳು ಬಿಳಿಯ ಹೆಂಗಸು. ಅವಳ ಬಣ್ಣ ಸರಿ ಬಂದರೆ ಎಲ್ಲರ ಬಣ್ಣವೂ ಸರಿ ಎಂದು ಲೆಕ್ಕ. ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಎಂದು ಗಟ್ಟಿಯಾಗಿ ದೂರಿದವರು ಯಾರು ಎಂದಿರಿ? ಚಾಕೊಲೇಟ್ ಮಾಡುವವರು, ಮರದ ಮೇಜು ಕುರ್ಚಿ ಮಾಡುವವರು! ಅವರ ಜಾಹೀರಾತಿಗಾಗಿ ಫಿಲ್ಮ್ ಸುಧಾರಿಸಿತು, ಕರಿಯ ಜನರ ಮುಖಕ್ಕೆ ಅದರ ಲಾಭ ಸಿಕ್ಕಿತು.

ನಿನ್ನ ಫೋಟೋದಲ್ಲಿ ಎಷ್ಟು ಸರಿಮಾಡಬಹುದು, ಎಲ್ಲಿ ನಿಲ್ಲಬೇಕು ಎಂದು ಹೇಳಲು ಅದರಲ್ಲೇ ಒಬ್ಬ ಸಾಕ್ಷಿ ಇದ್ದಾಳೆ, ಮಲ್ಲಿಗೆ. ಬೆಳಕು ಏರಿಸುವಾಗ ಇಡೀ ಚಿತ್ರಕ್ಕೆ ಏರಿಸು. ಹೂವು, ಗೋಡೆ, ಹಲ್ಲು, ಮುಖ ಎಲ್ಲವೂ ಒಟ್ಟಿಗೆ ಬೆಳಗಿದರೆ ನೀನು ಫೋಟೋ ಸರಿಮಾಡುತ್ತಿದ್ದೀಯ. ಹೂವು ಇದ್ದ ಹಾಗೇ ಇದ್ದು ಮುಖ ಮಾತ್ರ ಬೆಳ್ಳಗಾದರೆ ನೀನು ತಂಗಿಯನ್ನು ಬದಲಾಯಿಸುತ್ತಿದ್ದೀಯ. ಹೂವಿನ ಎಸಳು ಕಾಣದೆ ಬರೀ ಬಿಳಿ ಮುದ್ದೆಯಾದರೆ ಅತಿಯಾಯಿತು ಎಂದರ್ಥ, ಹಿಂದಕ್ಕೆ ಬಾ. ಹಾಗೂ ಮುಖ ಸರಿ ಕಾಣುತ್ತಿಲ್ಲವೆಂದರೆ ಫೋಟೋವನ್ನೇ ಮತ್ತೆ ತೆಗೆಸುವುದು ಮೇಲು. ಊರಿನಲ್ಲಿ ಯಾರ ಹತ್ತಿರವಾದರೂ ಫೋನ್ ಇದ್ದೇ ಇರುತ್ತದೆ. ಸಂಜೆ ನಾಲ್ಕೂವರೆಯ ಮೇಲೆ, ಪಡಸಾಲೆಯ ಬಾಗಿಲಲ್ಲಿ ಹೊರಗಿನ ಬೆಳಕು ಒಂದು ಕೆನ್ನೆಗೆ ಬೀಳುವ ಹಾಗೆ ನಿಲ್ಲಿಸಲಿ. ಇನ್ನೊಂದು ಕಡೆ ಒಂದು ಬಿಳಿ ಪಂಚೆ ಹಿಡಿದರೆ ನೆರಳು ಹಗುರವಾಗುತ್ತದೆ. ಫೋನಿನಲ್ಲಿ ಮುಖದ ಮೇಲೆ ಬೆರಳಿಟ್ಟು ಒತ್ತಿದರೆ ಬೆಳಕಿನ ಅಳತೆಯನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ‘ಬ್ಯೂಟಿ’ ಎಂಬ ಗುಂಡಿ ಇದ್ದರೆ ಮೊದಲು ಆರಿಸಲು ಹೇಳು. ಅದು ಕೇಳದೆಯೇ ಬಿಳುಪು ಬಳಿಯುತ್ತದೆ. ಎಣ್ಣೆಗಪ್ಪು ಚರ್ಮದ ಮೇಲೆ ಪಕ್ಕದ ಬೆಳಕು ಬಿದ್ದಾಗ ಬರುವ ಹೊಳಪು ಇದೆಯಲ್ಲ, ಅದು ಬಿಳಿ ಚರ್ಮಕ್ಕೆ ಬರುವುದಿಲ್ಲ. ಸಿಕ್ಕಿದ್ದನ್ನು ನೀನೇ ಅಳಿಸಿ ಹಾಕುತ್ತಿದ್ದೀಯ.

ಎರಡನೆಯದು ಅಚ್ಚಿನದು. ಶಾಯಿ ಕಾಗದದ ಮೇಲೆ ಸ್ವಲ್ಪ ಹರಡುತ್ತದೆ, ಹಾಗಾಗಿ ಗಾಢ ಬಣ್ಣಗಳು ಪರದೆಯ ಮೇಲೆ ಕಂಡದ್ದಕ್ಕಿಂತ ಗಾಢವಾಗುತ್ತವೆ. ಇದು ನಿಜ. ಅದಕ್ಕೆ ಇಡೀ ಚಿತ್ರದ ನಡುಬಣ್ಣಗಳನ್ನು ತುಸು ತೆರೆದು ಕೊಡುತ್ತಾರೆ. ಅಚ್ಚಿಗೆ ನಾಲ್ಕು ಶಾಯಿ: ಸಯಾನ್, ಮೆಜೆಂತಾ, ಹಳದಿ, ಕಪ್ಪು. ಕಂದು ಮುಖದಲ್ಲಿ ಹಳದಿ, ಮೆಜೆಂತಾ ಮುಂದಿರಬೇಕು, ಸಯಾನ್ ಹಿಂದಿರಬೇಕು. ಸಯಾನ್ ಹೆಚ್ಚಾದರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ನೀನು ‘ಕಪ್ಪು ಬಂತು’ ಎಂದು ಹೆದರುವುದು ಬಹಳ ಸಲ ಈ ಬೂದಿಗೇ ಇರಬೇಕು. ಬೂದಿ ತೆಗೆದರೆ ಸಾಕು, ಬಣ್ಣ ತೆಗೆಯಬೇಕಾಗಿಲ್ಲ.

ಇನ್ನು ಒಂದು ಮಾತು, ಅಮ್ಮನ ಪರವಾಗಿ. ಮುಖಪುಟಕ್ಕೆ ಹಾಕುತ್ತೇನೆ ಎಂದು ತಂಗಿಯನ್ನು ಕೇಳಿದ್ದೀಯಾ? ಕೇಳಿರುತ್ತೀಯ, ಅವಳು ಕುಣಿದಾಡಿ ಒಪ್ಪಿರುತ್ತಾಳೆ. ಅವಳು ಒಪ್ಪಿದ್ದು ತನ್ನ ಮುಖಕ್ಕೆ. ಫೋನಿನಲ್ಲಿ ಇದನ್ನು ಕಳಿಸಿದ ದಿನ ಓಣಿಯವರಿಗೆಲ್ಲ ತೋರಿಸುತ್ತಾಳೆ. ಆಮೇಲೆ ಒಬ್ಬಳೇ ಕೂತು ಕನ್ನಡಿಯಲ್ಲಿ ಒಮ್ಮೆ, ಚಿತ್ರದಲ್ಲಿ ಒಮ್ಮೆ ನೋಡಿಕೊಳ್ಳುತ್ತಾಳೆ. ಚೆಂದದ ಅಕ್ಕ, ಮುಂಬೈಯ ಅಕ್ಕ, ಇದನ್ನು ಮಾಡಿದವಳು ಎಂಬುದೂ ಅವಳಿಗೆ ಗೊತ್ತಿರುತ್ತದೆ. ಟೀವಿಯವರು ಬೆಳ್ಳಗಾಗಿ ಎಂದರೆ ಚಾನೆಲ್ ಬದಲಾಯಿಸಬಹುದು. ಮನೆಯವರೇ ಹೇಳಿದರೆ ಎಲ್ಲಿಗೆ ಹೋಗಬೇಕು? ಬೆಳ್ಳಗಾಗುವ ಕ್ರೀಮಿನ ಕಂಪನಿಯೇ 2020ರಲ್ಲಿ ‘ಫೇರ್’ ಎಂಬ ಪದವನ್ನು ಹೆಸರಿನಿಂದ ಕಿತ್ತುಹಾಕಿ ‘ಗ್ಲೋ’ ಎಂದು ಮಾಡಿಕೊಂಡಿತು. ವ್ಯಾಪಾರಕ್ಕಾದರೂ ಅಷ್ಟು ನಾಚಿಕೆ ಬಂದಿದೆ.

ಸರಿ, ಉಳಿದ ಕೆಲಸ ಬೇಗ ಬೇಗ ಹೇಳಿಬಿಡುತ್ತೇನೆ. ಪತ್ರಿಕೆಗೆ ‘ಹುಡ್ಗೀರು’ ಎಂದು ಹೆಸರಿಟ್ಟಿದ್ದೀಯಂತೆ. ಒಳ್ಳೇ ಹೆಸರು, ಬಾಯಿಗೆ ಹತ್ತುತ್ತದೆ. ಆದರೆ ಇಂಗ್ಲಿಷ್ ಪತ್ರಿಕೆಗಳ ಹಾಗೆ ಹೆಸರಿನ ಮೇಲೆ ತಲೆ ಸ್ವಲ್ಪ ಮುಚ್ಚುವಂತೆ ಕೂರಿಸುವಾಗ ಎಚ್ಚರ. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಕೆಳಗೆ ಬಾಲವಿಲ್ಲ. ನಮ್ಮ ‘ಡ್ಗೀ’ಗೆ ಗಕಾರದ ಒತ್ತು ಕೆಳಗೆ ಇಳಿಯುತ್ತದೆ. ಅದು ಕೂದಲಿನಲ್ಲಿ ಮುಳುಗಿದರೆ ‘ಹುಡೀರು’ ಎಂದು ಓದಿಕೊಂಡಾರು! ತಲೆಯನ್ನು ‘ರು’ ಕಡೆಗೆ ಸರಿಸು. ಒತ್ತು ಮಲ್ಲಿಗೆಯ ಪಕ್ಕ ಬಂದು ಕೂತರೆ ಇನ್ನೂ ಚೆಂದ. ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಹಾಕಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾದರೆ ಗಾಬರಿ ಬೇಡ. ಅಕ್ಷರಗಳ ಸೆಟ್ಟಿಂಗಿನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಎಂಬುದನ್ನು ಆರಿಸಿಕೋ, ಕೂಡಿಕೊಳ್ಳುತ್ತವೆ.

ಹೆಸರಿನ ಬಣ್ಣಕ್ಕೆ ಬೇರೆಲ್ಲೂ ಹುಡುಕಬೇಡ, ಖಣದ ಅಂಚಿನಿಂದಲೇ ತೆಗೆದುಕೋ. ಗುಳೇದಗುಡ್ಡದ ಮಗ್ಗದವರು ತಲೆತಲಾಂತರದಿಂದ ಹೊಂದಿಸಿದ ಬಣ್ಣ ಅದು. ಮರಾಠಿಯವರೂ ಆಸೆಪಟ್ಟು ಕೊಳ್ಳುವ ಬಟ್ಟೆ, ಹಾಗಾಗಿ ನಿನ್ನ ಕಾಲೇಜಿನವರಿಗೆ ಪರಿಚಯ ಹೇಳಬೇಕಾಗಿಲ್ಲ.

ಮುಖಪುಟದ ಸಾಲುಗಳ ವಿಷಯಕ್ಕೆ ಬಂದರೆ, ಹೆದರಿಸಿ ಮಾರುವ ಸಾಲು, ಆಸೆ ಹುಟ್ಟಿಸಿ ಮಾರುವ ಸಾಲು ಎಂದು ಎರಡು ಬಗೆ. ‘ಹತ್ತು ದಿನದಲ್ಲಿ ಸೊಂಟ ಸಣ್ಣ’ ಎಂಬುದು ಮೊದಲನೆಯದು, ಓದಿದ ಕೂಡಲೇ ಕೈ ಸೊಂಟಕ್ಕೆ ಹೋಗುತ್ತದೆ. ‘ಅಮ್ಮನ ಒಂದು ಹಳೇ ಇಳಕಲ್ ಸೀರೆ, ಮೂರು ಹೊಸ ಕುರ್ತಾ’ ಎಂದು ಬರೆದು ನೋಡು. ಹುಡುಗಿ ಪತ್ರಿಕೆಯನ್ನೂ ಕೊಳ್ಳುತ್ತಾಳೆ, ಅಮ್ಮನ ಬೀರುವಿಗೂ ಕೈಹಾಕುತ್ತಾಳೆ. ನಾಲ್ಕು ಸಾಲು ಸಾಕು. ಐದನೆಯದನ್ನು ಬರೆದರೆ ಮುಖ ಮುಚ್ಚುತ್ತದೆ. ಈಗ ಮುಖಪುಟವನ್ನು ಮೊದಲು ನೋಡುವುದು ಅಂಗಡಿಯಲ್ಲಲ್ಲ, ಫೋನಿನಲ್ಲಿ ಅಂಚೆಚೀಟಿಯಷ್ಟು ಗಾತ್ರದಲ್ಲಿ. 2003ರಲ್ಲಿ ಶುರುವಾದ ಟೀನ್ ವೋಗ್ ಕೂಡ 2017ಕ್ಕೆ ಅಚ್ಚು ನಿಲ್ಲಿಸಿತು. ಹಾಗಾಗಿ ಒಂದು ಸಾಲಾದರೂ ಆ ಗಾತ್ರದಲ್ಲಿ ಓದಿಸಿಕೊಳ್ಳಬೇಕು. ಅಮ್ಮನ ಫೋನಿಗೆ ಕಳಿಸಿ, ಕನ್ನಡಕ ತೆಗೆದು ನೋಡಲು ಹೇಳು.

ಅಳತೆ ಎ4 ಎಂದು ಹೇಳಿದ್ದರೆ 210 ಮಿಲಿಮೀಟರ್ ಅಗಲ, 297 ಉದ್ದ. ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಸುತ್ತಲೂ 3 ಮಿಲಿಮೀಟರ್ ಹೆಚ್ಚಿಗೆ ಬಿಡು. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಫೋಟೋ ಸುಮಾರು 2550 ಅಡ್ಡ, 3580 ಉದ್ದ ಪಿಕ್ಸೆಲ್ ಇರಬೇಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಬಂದ ಫೋಟೋ ಕುಗ್ಗಿರುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಲು ತಂಗಿಗೆ ಹೇಳು. ಬಾರ್‌ಕೋಡಿಗೆ ಬಿಳಿ ಜಾಗ ಬಿಡು. ಚೆಂದ ಕಾಣಲೆಂದು ಅದರ ಗೆರೆಗಳನ್ನು ಕೆಂಪು ಮಾಡಬೇಡ. ಅಂಗಡಿಯ ಸ್ಕ್ಯಾನರಿನದು ಕೆಂಪು ಬೆಳಕು, ಅದಕ್ಕೆ ಕೆಂಪು ಗೆರೆ ಬಿಳಿಯಾಗಿಯೇ ಕಾಣುತ್ತದೆ.

ಪ್ರೂಫ್ ತೆಗೆಸದೆ ಮಾತ್ರ ಒಪ್ಪಿಸಬೇಡ. ಪರದೆಯ ಗುಲಾಬಿ ಕಾಗದದ ಮೇಲೆ ಮಂಕಾಗಿಯೇ ಬರುತ್ತದೆ, ಮೊದಲೇ ಗೊತ್ತಾದರೆ ಬೇರೆ ಬಣ್ಣ ಹಾಕಿಕೊಳ್ಳಬಹುದು. ಪ್ರೂಫನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ತಲೆಯಾಡಿಸಿ ಬರಬೇಡ, ಹೊರಗೆ ತಂದು ಹಗಲು ಬೆಳಕಿಗೆ ಹಿಡಿ. ಮೊದಲು ಮಲ್ಲಿಗೆ ನೋಡು, ಆಮೇಲೆ ಖಣದ ಅಂಚು, ಆಮೇಲೆ ಮುಖ. ಯಾವುದಾದರೂ ತಪ್ಪಿದ್ದರೆ ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿ ಇನ್ನೊಂದು ಪ್ರೂಫ್ ಕೇಳು. ಪ್ರೆಸ್ಸಿನವರು ಗೊಣಗುತ್ತಾರೆ, ಆದರೂ ಕೊಡುತ್ತಾರೆ.

ಮುಂದಿನ ಭಾನುವಾರ ಇದೇ ಹೊತ್ತಿಗೆ ಸಿಗೋಣ.